ಫೋನಿಗೆ ಕಾಣುವಷ್ಟು ಮನೆ

"ನಕ್ಷತ್ರ ಕಟ್ಟಿಕೊಡ್ತೀನಿ, ಲೈಟಿನ ಸರ ಬಿಡಿಸಿಕೊಡ್ತೀನಿ. ಬಿರುಕು ಮಾತ್ರ ನಾನು ಬರೆಯಲ್ಲ," ಎಂದವನೇ ದೊಡ್ಡವನು ಸ್ಟೂಲಿನಿಂದ ಇಳಿದು, ಮಂಚದ ಅಂಚಿಗೆ ಹೋಗಿ ಮುಖ ಊದಿಸಿಕೊಂಡು ಕೂತ.

ಅಮ್ಮನ ಕೈಯಲ್ಲಿ ಇದ್ದಿಲ ಚೂರಿತ್ತು. ಅವಳು ಕೆಲಸ ಮಾಡುವ ಇಸ್ತ್ರಿ ಅಂಗಡಿಯಿಂದ ತಂದದ್ದು. ಪೆಟ್ಟಿಗೆಯಲ್ಲಿ ಪೂರ್ತಿ ಉರಿಯದೆ ಉಳಿದ ಇದ್ದಿಲಿನಲ್ಲಿ ಮೊನೆ ಚೂಪಾಗಿದ್ದ ಒಂದನ್ನು ಆರಿಸಿ, ಕಾಗದದಲ್ಲಿ ಸುತ್ತಿ, ಯಾವುದೋ ಒಡವೆ ತಂದಹಾಗೆ ಚೀಲದ ತಳದಲ್ಲಿಟ್ಟು ತಂದಿದ್ದಳು. ಈಗ ಅದನ್ನು ಮಗನ ಮುಂದೆ ಹಿಡಿದು ನಿಂತಳು. ಅವನು ಕಣ್ಣೆತ್ತಿ ನೋಡಲಿಲ್ಲ. ಅವನ ತಂಗಿ ಗುಬ್ಬಿ ನೆಲದ ಮೇಲೆ ಕೂತು, ಸುಕ್ಕುಗಟ್ಟಿದ ಬಣ್ಣದ ಕಾಗದವನ್ನು ತೊಡೆಯ ಮೇಲೆ ಉಜ್ಜಿ ಉಜ್ಜಿ ನೇರ ಮಾಡುತ್ತಿದ್ದಳು. ಅಣ್ಣ ಮುನಿಸಿಕೊಂಡರೆ ತಾನೂ ಮುನಿಸಿಕೊಳ್ಳಬೇಕೋ ಬೇಡವೋ ಎಂದು ಅವಳಿಗಿನ್ನೂ ತೀರ್ಮಾನವಾಗಿರಲಿಲ್ಲ.

ಕ್ರಿಸ್‌ಮಸ್‌ಗೆ ಮನೆ ಸಿಂಗರಿಸುತ್ತಾರೆಂದರೆ ಬೇರೆ ಮನೆಗಳಲ್ಲಿ ಮಕ್ಕಳು ಮೈಮೇಲೆ ಬೀಳುತ್ತಾರೆ, ದೊಡ್ಡವರೇ ಗದರಿ ದೂರ ಕಳಿಸಬೇಕಾಗುತ್ತದೆ. ಇಲ್ಲಿ ಎಲ್ಲ ಉಲ್ಟಾ. ಮಕ್ಕಳನ್ನು ಹಿಡಿದು ಕೂರಿಸಿ, ಪುಸಲಾಯಿಸಿ, ಕೊನೆಗೆ ಕಣ್ಣು ಕೆಂಪಗೆ ಮಾಡಿ ಕೆಲಸ ಮಾಡಿಸಬೇಕು. ಅದಕ್ಕೆ ಕಾರಣವೂ ಇತ್ತು. ಇವರು ಸಿಂಗರಿಸುತ್ತಿದ್ದದ್ದು ತಾವು ಇರುವ ಮನೆಯನ್ನಲ್ಲ.

ಇರುವ ಮನೆ ಅಂದರೆ ಒಂದೇ ಕೋಣೆ. ಮಹಡಿಯಲ್ಲಿ ಮನೆಯೊಡತಿ ಅಜ್ಜಿ, ಕೆಳಗೆ ಇವರು. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಬಕೆಟ್ಟು, ನಡುವೆ ಮಂಚ, ಮಂಚದ ಮೇಲೆ ಹಗ್ಗ, ಹಗ್ಗದ ಮೇಲೆ ಎಂದೂ ಪೂರ್ತಿ ಒಣಗದ ಬಟ್ಟೆ. ಮಹಡಿಯ ಪಂಪು ಶುರುವಾಯಿತೆಂದರೆ ಪಾತ್ರೆಗಳೆಲ್ಲ ತಟ್ಟೆಗೆ ತಾಗಿ ಗಿಲಗಿಲ ಅನ್ನುತ್ತವೆ. ಈ ಕೋಣೆಗಿಂತ ಗಾಳಿ ಬೆಳಕಿದ್ದ ಎರಡು ಕೋಣೆಗಳನ್ನು ಅವಳು ನೋಡಿದ್ದಳು. ಎರಡನ್ನೂ ಬಿಟ್ಟು ಇದನ್ನೇ ಹಿಡಿದದ್ದು ಈ ಒಂದು ಗೋಡೆಗಾಗಿ. ತಿಳಿಹಸಿರು ಗೋಡೆ, ಬಿಟ್ಟುಬಂದ ಮನೆಯ ನಡುಮನೆಯ ಗೋಡೆಯದೇ ಹಸಿರು. ಆ ಗೋಡೆಯ ಮೇಲೆ ಹಳೆಯ ಗಡಿಯಾರ, ಪಕ್ಕದಲ್ಲಿ ಹಳೆಯ ನೀಲಿ ಪರದೆ. ಪರದೆಯ ಹಿಂದೆ ಕಿಟಕಿಯಿಲ್ಲ, ಬರೀ ಗೋಡೆ. ಅದರ ಮುಂದೆ ಪ್ಲಾಸ್ಟಿಕ್ಕಿನ ಮರ. ಮರದ ಗುಂಡು, ಗಂಟೆ, ಮಿಂಚುಹಾಳೆಗಳನ್ನೆಲ್ಲ ಮುಂದಿನ ಅರ್ಧಕ್ಕೇ ಕಟ್ಟಿದ್ದರಿಂದ ಅದು ಮುಂದಕ್ಕೆ ವಾಲುತ್ತಿತ್ತು; ಹಿಂದಿನಿಂದ ಒಂದು ದಾರ ಬಿಗಿದು ಪರದೆಯ ಸರಳಿಗೆ ಕಟ್ಟಿಹಾಕಿದ್ದರು. ಎದುರಿಗೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ಮನೆ. ಅದರಾಚೆಗೆ ಒಂದು ಚೂರು ಬಣ್ಣದ ಕಾಗದವನ್ನೂ ಅವಳು ವ್ಯರ್ಥ ಮಾಡುತ್ತಿರಲಿಲ್ಲ.

ಗಂಡ ಗಾರೆ ಕೆಲಸದವನು. ದೂರದೇಶದಲ್ಲಿ, ಮುಗಿಲೆತ್ತರದ ಕಟ್ಟಡಗಳಿಗೆ ಗಾರೆ ಬಳಿಯುತ್ತಿದ್ದ. ಹೋಗಿ ಮೂರು ವರ್ಷವಾಗಿತ್ತು, ಒಪ್ಪಂದ ಮುಗಿಯಲು ಇನ್ನೂ ಒಂದು ವರ್ಷವಿತ್ತು. ಅವನಿದ್ದ ಬಿಡಾರದಲ್ಲಿ ಸಿಗ್ನಲ್ಲು ಸಿಕ್ಕುವುದೇ ಕಷ್ಟ. ವಾರಕ್ಕೊಮ್ಮೆ ಬರೀ ದನಿ ಕೇಳಿಸುತ್ತಿತ್ತು. ಕ್ರಿಸ್‌ಮಸ್ ಹಿಂದಿನ ಸಂಜೆ ಮಾತ್ರ ಕಂಪನಿಯವರು ಆಫೀಸಿನ ಬಾಗಿಲು ತೆಗೆದು, ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಸ್ವಲ್ಪ ಹೊತ್ತು ಮುಖ ನೋಡಿ ಮಾತಾಡಲು ಬಿಡುತ್ತಿದ್ದರು. ವರ್ಷಕ್ಕೆ ಅದೊಂದೇ ಸಲ ಅವನು ಮನೆಯನ್ನು ನೋಡುವುದು.

ಇವರು ಬಿಟ್ಟುಬಂದ ಆ ಮನೆಯನ್ನು ಅವನು ತನ್ನ ಕೈಯಾರೆ ಕಟ್ಟಿದ್ದ. ಭಾನುವಾರಗಳಲ್ಲಿ, ಬೇರೆಯವರ ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ, ಒಂದೊಂದೇ ಸಾಲು ಇಟ್ಟಿಗೆ ಏರಿಸಿ. ಗೋಡೆ ನೋಡುವ ಅವನ ರೀತಿಯೇ ಬೇರೆ. ಅಂಗೈ ಅಗಲಿಸಿ ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಎಲ್ಲಿ ತೇವ ಇದೆ, ಎಲ್ಲಿ ಟೊಳ್ಳಾಗಿದೆ ಎಂದು ಹೇಳಿಬಿಡುತ್ತಿದ್ದ. ನಡುಮನೆಯ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡದ್ದು ಅವನು ಹೊರಡುವ ಕೆಲವೇ ತಿಂಗಳ ಹಿಂದೆ. ಪಕ್ಕದ ಮನೆಯ ಬಡಗಿ ಬಂದು ನೋಡಿ, ಪಾಯ ಕೆಳಕ್ಕೆ ಕೂತಿರಬೇಕು, ಅಗೆಸಿ ನೋಡು ಅಂದ. ಇವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ಕಟ್ಟಿದ ಗೋಡೆಯ ವಿಷಯ ಮರ ಕೊರೆಯುವವನಿಂದ ಕೇಳಬೇಕೇ ಎಂದು ಅವನನ್ನು ಮಾತಾಡಿಸುವುದನ್ನೇ ಬಿಟ್ಟ. ಬಿರುಕಿನ ಮೇಲೆ ಸಿಮೆಂಟು ತುಂಬಿ, ಹಸಿರು ಬಳಿದು, ಅಂಗೈ ಒತ್ತಿ, "ಇನ್ನು ನೂರು ವರ್ಷ ಅಲ್ಲಾಡಲ್ಲ," ಎಂದು ಹೇಳಿ ವಿಮಾನ ಹತ್ತಿದ. ಮೊದಲ ಮಳೆಗೇ ಸಿಮೆಂಟು ಸೀಳಿ ಬಿರುಕು ಮತ್ತೆ ಬಾಯಿಬಿಟ್ಟಿತು. ಅದೇ ವರ್ಷದ ಕ್ರಿಸ್‌ಮಸ್ ಕರೆಯಲ್ಲಿ ಅವನೂ ಅದನ್ನು ಕಂಡಿದ್ದ. ಗಾರೆ ಒಣಗುವಾಗ ಹಾಗೆಲ್ಲ ಆಗುತ್ತೆ ಎಂದು ನಕ್ಕಿದ್ದ.

ಮುಂದಿನ ಮಳೆಗಾಲಕ್ಕೆ ಗೋಡೆ ಬಿತ್ತು. ಅದರ ಜೊತೆಗೆ ಅರ್ಧ ಸೂರು, ಮೂಲೆಯ ಅಡುಗೆಮನೆ ಎಲ್ಲ. ದೇವರು ದೊಡ್ಡವನು, ಅವಳು ಅಂಗಡಿಯಲ್ಲಿದ್ದಳು, ಮಕ್ಕಳು ಶಾಲೆಯಲ್ಲಿದ್ದರು. ಮಣ್ಣಿನ ರಾಶಿಯಿಂದ ಎತ್ತಿಕೊಂಡದ್ದರಲ್ಲಿ ಗಡಿಯಾರ ನಡೆಯುತ್ತಲೇ ಇತ್ತು.

ಅವತ್ತು ಸಂಜೆಯೇ ಹೇಳಿಬಿಡಬೇಕೆಂದು ಅವಳು ಫೋನು ಹಚ್ಚಿದ್ದಳು. ಬಾಯಿ ತೆರೆಯುವ ಮುಂಚೆಯೇ ಅತ್ತಲಿಂದ ಗಂಡ, ತನ್ನನ್ನು ಮೇಸ್ತ್ರಿ ಮಾಡಿದ್ದಾರೆಂದು ಹೇಳಿದ. ಇನ್ನು ಹೊರಗೋಡೆಗಳ ಕೆಲಸ, ಎಲ್ಲರಿಗಿಂತ ಮೇಲಿನ ಹಲಗೆಯ ಮೇಲೆ ನಿಂತು ಮಾಡುವುದು, ಕೈ ನಂಬಿ ಕೊಟ್ಟಿದ್ದಾರೆ ಕಣೆ ಅಂದ. ಅವನ ದನಿ ಚಿಕ್ಕ ಹುಡುಗನ ದನಿಯಂತಿತ್ತು. ಅವಳು, ಒಳ್ಳೇದಾಯ್ತು ರೀ ಅಂದಳು. ಅಷ್ಟು ಎತ್ತರದಲ್ಲಿ ಒಂದು ಹಲಗೆಯ ಮೇಲೆ ನಿಂತವನಿಗೆ, ನೀನು ಕಟ್ಟಿದ ಮನೆ ಬಿತ್ತು ಎಂದು ಹೇಗೆ ಹೇಳುವುದು? ಕೈ ನಡುಗಿದರೆ? ಕಾಲು ತಪ್ಪಿದರೆ? ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಅನ್ನುವುದು ವಾರವಾಯಿತು, ವಾರ ತಿಂಗಳಾಯಿತು. ಅಷ್ಟರಲ್ಲಿ ಹೇಳದೇ ಇದ್ದದ್ದೇ ಗೋಡೆಗಿಂತ ದೊಡ್ಡ ವಿಷಯವಾಗಿ ಕೂತಿತ್ತು. ನಾದಿನಿಯ ಕಾಲು ಹಿಡಿದಳು, ಬಡಗಿಯ ಕೈ ಹಿಡಿದಳು, ಎಲ್ಲರ ಬಾಯಿಗೂ ಬೀಗ ಹಾಕಿಸಿದಳು. ಬೀದಿಗೆಲ್ಲ ಗೊತ್ತಿದ್ದ ವಿಷಯ ಅವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ಹೋದ ವರ್ಷ ಈ ಕೋಣೆಯಲ್ಲಿ ಮೊದಲ ಸಲ ಹೀಗೆ ಗೋಡೆ ಸಿಂಗರಿಸಿದಾಗ, ಎಲ್ಲ ಮುಗಿದ ಮೇಲೆ ಫೋನಿನಲ್ಲಿ ನೋಡಿದಾಗಲೇ ಅವಳಿಗೆ ಹೊಳೆದದ್ದು. ಗೋಡೆಯಲ್ಲಿ ಬಿರುಕಿಲ್ಲ! ಗಡಿಯಾರ ಇದೆ, ಪರದೆ ಇದೆ, ಅವನು ಮೊದಲು ಹುಡುಕುವ ಬಿರುಕೇ ಇಲ್ಲ. ಆಗ ಹಳೆಯ ಫೋಟೋ ನೋಡಿಕೊಂಡು, ಸ್ಟೂಲು ಹತ್ತಿ, ಕೈ ಎಟುಕುವವರೆಗೆ ಬಿರುಕು ಬರೆದುಕೊಟ್ಟವನು ಇದೇ ಮಗ. ಆಗ ಅವನಿಗದು ತಮಾಷೆಯಾಗಿತ್ತು.

ಈ ವರ್ಷ ತಮಾಷೆ ಮುಗಿದಿತ್ತು. "ಅಪ್ಪ ವಾಪಸ್ ಬರ್ತಾರಲ್ಲಮ್ಮ, ಆಗ ಏನ್ಮಾಡ್ತೀಯ? ಪೂರ್ತಿ ಮನೇನೇ ಬರೀತೀಯಾ?" ಎಂದು ಅವನು ನೆಲ ನೋಡುತ್ತಲೇ ಕೇಳಿದ.

"ಬಂದಾಗ ನೋಡಿಕೊಳ್ಳೋಣ. ಕೆಳಗೆ ನೆಲದ ಮೇಲೆ ಇರ್ತಾರಲ್ಲ, ಆಗ ಹೇಳ್ತೀನಿ."

"ಹೋದ ಸಲಾನೂ ಇದನ್ನೇ ಹೇಳಿದ್ದೆ."

"ಈ ಸಲಾನೂ ಅದನ್ನೇ ಹೇಳ್ತಿದ್ದೀನಿ. ಏಳು."

ಅವನು ಏಳಲಿಲ್ಲ. ಅವಳೂ ಇದನ್ನೆಲ್ಲ ಬೇಕೆಂದು ಮಾಡುತ್ತಿರಲಿಲ್ಲ. ಡಿಸೆಂಬರ್ ಬಂದ ಮೇಲೆ, ಅಂಗಡಿಯಲ್ಲಿ ಬೇರೆಯವರ ಹೊಸ ಬಟ್ಟೆಗಳಿಗೆ ಇಸ್ತ್ರಿ ಒತ್ತುವಾಗ, ಫೋನಿನ ಚೌಕಟ್ಟಿನೊಳಗೆ ಏನು ಕಾಣಬೇಕು ಏನು ಕಾಣಬಾರದು ಎಂದೇ ಯೋಚಿಸಿ ಎರಡು ಸಲ ಕೈ ಸುಟ್ಟುಕೊಂಡಿದ್ದಳು. ಎಲ್ಲಾದರೂ ಬಾಗಿಲು ತೆಗೆದುಕೊಂಡು ಓಡಿಹೋಗೋಣವೆಂದರೆ ಬಾಗಿಲು ಎಲ್ಲಿದೆಯೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ. ತಾನೇ ಕಟ್ಟಿಕೊಂಡ ಗೋಡೆ, ಯಾರನ್ನು ಬೈಯುವುದು?

ಅಷ್ಟರಲ್ಲಿ ಮಹಡಿಯ ಅಜ್ಜಿ, ಎಷ್ಟು ಗಂಟೆಗೆ ಪಂಪು ನಿಲ್ಲಿಸಬೇಕೆಂದು ಕೇಳಲು ಕೋಲೂರಿಕೊಂಡು ಬಂದಳು. ಬಿದ್ದ ಮನೆಯಲ್ಲಿ ಪಂಪಿರಲಿಲ್ಲವಾದ್ದರಿಂದ ಕರೆ ಬರುವ ಹೊತ್ತಿಗೆ ಇಲ್ಲೂ ಪಂಪಿರಬಾರದು. ಅಜ್ಜಿ ಹೊಸ್ತಿಲಲ್ಲೇ ನಿಂತು ಮರ, ಮರಕ್ಕೆ ಕಟ್ಟಿದ ದಾರ, ಇದ್ದಿಲು, ಹುಡುಗನ ಮೋರೆ ಎಲ್ಲವನ್ನೂ ಒಂದು ಸುತ್ತು ನೋಡಿದಳು.

"ಗೋಡೆ ಬಿರುಕು ಬಿಟ್ರೆ ಮುಚ್ಚೋ ಜನರನ್ನ ನೋಡಿದ್ದೀನಿ. ಚೆನ್ನಾಗಿರೋ ಗೋಡೆಗೆ ಬಿರುಕು ಬರೆಯೋರನ್ನ, ಈ ವಯಸ್ಸಿಗೆ, ನಿಮ್ಮನ್ನೇ ಕಣಮ್ಮ ನೋಡಿದ್ದು," ಅಂದಳು. "ಆಯ್ತು, ಆರರಿಂದ ಆರೂವರೆ ನಿಲ್ಲಿಸ್ತೀನಿ. ಆಮೇಲೆ ನನಗೆ ನೀರು ಬೇಕು. ಗೋಡೆ ಒರೆಸಿಕೊಡಬೇಕು. ಹೊಸ ಮೊಳೆ ಹೊಡೆದೀರಿ ಮತ್ತೆ."

ಅಜ್ಜಿ ಹೋದ ಮೇಲೆ ಗುಬ್ಬಿ ಫಕ್ಕನೆ ನಕ್ಕಳು. ದೊಡ್ಡವನೂ ನಗಬೇಕಾಗಿತ್ತು, ನಗಲಿಲ್ಲ. ಅಮ್ಮ ಒಲೆಯ ಹತ್ತಿರ ಹೋಗಿ ಬೆನ್ನು ಆಚೆ ಮಾಡಿಕೊಂಡು ನಿಂತಳು. ಹಾಗೆ ನಿಂತದ್ದು ಮಗನಿಗೆ ಕಾಣಲೆಂದೇ ಎಂಬುದು ಅವಳಿಗೂ ಗೊತ್ತಿತ್ತು. ಬೈದರೆ ಏಳದ ಮಗ ಅವಳ ಬೆನ್ನು ನೋಡಿದರೆ ಏಳುತ್ತಾನೆ. ಅದನ್ನೂ ಉಪಯೋಗಿಸುವ ಮಟ್ಟಕ್ಕೆ ಬಂದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಹಿಂದಿನಿಂದ ಸ್ಟೂಲು ಎಳೆದ ಸದ್ದು ಕೇಳಿತು. ಮಗ ಇದ್ದಿಲು ತೆಗೆದುಕೊಂಡ.

ನೋಡಿ ಬರೆಯಲು ಫೋಟೋ ಇರಲಿಲ್ಲ. ಹಳೆಯ ಫೋನು ಸತ್ತು ತಿಂಗಳುಗಳಾಗಿದ್ದವು. ನೆನಪಿದೆ ಬಿಡು ಎಂದು ಅವನು ಕೆಳಗಿನಿಂದ ಶುರು ಮಾಡಿ, ಅಲ್ಲಲ್ಲಿ ಕವಲು ಒಡೆಸಿ, ಎಂಜಲು ಬೆರಳಿನಿಂದ ಅಂಚು ತಿಕ್ಕಿ, ಹೋದ ಸಲದ ಹಾಗೆಯೇ ಕೈ ಎಟುಕುವವರೆಗೆ ಎಳೆದು ನಿಲ್ಲಿಸಿದ. ಅವನ ಕೈಯಲ್ಲಿ ಅಪ್ಪನ ಕೈಯ ಗುಣವಿತ್ತು. ಬಿರುಕು ಎಷ್ಟು ನಿಜವಾಗಿ ಮೂಡಿತೆಂದರೆ ಗುಬ್ಬಿ ಅದರ ಹತ್ತಿರ ಹೋಗದೆ ದೂರ ಸರಿದಳು. ಆಮೇಲೆ ಹಳೆಯ ಮೊಳೆಗೇ ಕಾಗದದ ನಕ್ಷತ್ರ ತೂಗುಹಾಕಿದರು.

ಕತ್ತಲಾಗುವ ಮುಂಚೆ ಒಂದು ಸಲ ಎಲ್ಲರ ಪಾಠ ಒಪ್ಪಿಸಿದ್ದಾಯಿತು. ಗುಬ್ಬಿ ಅಜ್ಜಿಯ ಹೆಸರೆತ್ತಬಾರದು, ಪಂಪು ಅನ್ನಬಾರದು, ಶಾಲೆಗೆ ಈಗ ಬಸ್ಸಿನಲ್ಲಿ ಹೋಗುತ್ತೇನೆ ಅನ್ನಬಾರದು. ಹಾಗಾದರೆ ಏನು ಅನ್ನಬೇಕು ಎಂದು ಅವಳು ಕೇಳಿದಳು. ಚೆನ್ನಾಗಿದ್ದೀನಿ, ಚೆನ್ನಾಗಿ ಓದುತ್ತಿದ್ದೀನಿ ಅನ್ನು ಅಂದಳು ಅಮ್ಮ. ಎರಡೂ ಸುಳ್ಳೇ ಎಂದು ದೊಡ್ಡವನು ಗೊಣಗಿದ. ಅಮ್ಮ ಕೇಳಿಸಿದರೂ ಕಿವಿಗೆ ಹಾಕಿಕೊಳ್ಳದೆ, ಫೋನಿನೊಳಗೆ ಕಣ್ಣಿಟ್ಟು ಅಂಚುಗಳನ್ನು ತಪಾಸಣೆ ಮಾಡುತ್ತಿದ್ದಳು. ಬಕೆಟ್ಟಿನ ಹಿಡಿ ಕಾಣುತ್ತಿದೆಯೇ? ಇಲ್ಲ. ಹಗ್ಗದಿಂದ ಇಳಿಬಿದ್ದ ಟವೆಲ್ಲು? ಅದನ್ನು ತೆಗೆಸಿದಳು. ಕಾಣಬಾರದ್ದೇನಾದರೂ ಕಾಣುತ್ತಿದೆಯೇ ಎಂದಷ್ಟೇ ನೋಡಿದಳು. ಬಿರುಕು ಕಾಣಬೇಕಾದದ್ದು, ಕಂಡಿತು, ಅದನ್ನು ಎರಡನೇ ಸಲ ನೋಡಲಿಲ್ಲ.

ಆರಕ್ಕೆ ಪಂಪು ನಿಂತಿತು. ಮೂವರೂ ಚಾಪೆಯ ಮೇಲೆ, ಗುರುತು ಮಾಡಿದ ಜಾಗದಲ್ಲಿ, ಹೊಸ ಬಟ್ಟೆಯಲ್ಲಿ ಒತ್ತಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು.

ಗಂಡ ಸೊರಗಿದ್ದ. ತಲೆ ಒಪ್ಪವಾಗಿ ಬಾಚಿ, ಮಡಿಕೆಯ ಗುರುತು ಮಾಸದ ಹೊಸ ಅಂಗಿ ಹಾಕಿಕೊಂಡಿದ್ದ. ಅವನ ಹಿಂದೆ ತಮ್ಮ ಸರದಿಗಾಗಿ ನಿಂತ ಗಂಡಸರು, ಅವರೂ ಬಾಚಿದ ತಲೆಯವರೇ, ಬೇರೆಯವನ ಸಂಸಾರ ನೋಡಬಾರದೆಂದು ಆಚೆ ಈಚೆ ನೋಡುತ್ತಿದ್ದರು. ಅವನು ಯಾವಾಗಿನಂತೆ ಮೊದಲು ಕೇಳಿದ್ದು ಮಳೆಯನ್ನು. ವಾರದ ಕರೆಗಳಲ್ಲೂ ಅಷ್ಟೇ, ಉಂಡಿರಾ ಅನ್ನುವ ಮುಂಚೆ ಮಳೆ ಹೇಗಿದೆ ಅನ್ನುತ್ತಿದ್ದ. ಮಳೆಯಿಲ್ಲದ ಊರಲ್ಲಿದ್ದು ಆಸೆಪಡುತ್ತಾನೆಂದು ಅವಳು ತಿಳಿದಿದ್ದಳು. ಈಗೆಲ್ಲಿಯ ಮಳೆ ರೀ, ಚಳಿಗಾಲ ಅಂದಳು. ಗುಬ್ಬಿ ಒಂದೇ ಉಸಿರಿಗೆ ಪಾಠ ಒಪ್ಪಿಸಿದಳು. ಅವನು ನಕ್ಕು, ಯಾರಮ್ಮ ಇದು ರೇಡಿಯೋದಲ್ಲಿ ಸುದ್ದಿ ಓದ್ತಾ ಇರೋದು ಅಂದ. ಆಮೇಲೆ ಮಗನ ಕಡೆ ತಿರುಗಿದ.

"ಏನು ಸಾಹೇಬ್ರೇ, ಮೀಸೆ ಚಿಗುರಿದೆ! ಎದ್ದು ನಿಲ್ಲು ನೋಡೋಣ."

ಮಗ ಎದ್ದು ನಿಂತ. ಫೋನಿನಲ್ಲಿ ಅವನ ಕುತ್ತಿಗೆಯವರೆಗೆ ಮಾತ್ರ ಕಂಡಿತು, ತಲೆ ಚೌಕಟ್ಟಿನಾಚೆ ಹೋಯಿತು. ತಲೆ ಎಲ್ಲೋ ನಿಂದು ಎಂದು ಅಪ್ಪ ನಕ್ಕ, ಹಿಂದಿನ ಸಾಲಿನವರೂ ನಕ್ಕರು, ಮೊದಲ ಸಲ ಮಗನ ಮುಖದಲ್ಲೂ ನಗು ಬಂತು. ಇಷ್ಟು ಚೆನ್ನಾಗಿ ನಡೆಯುತ್ತದೆಂದು ಅವಳು ಎಣಿಸಿರಲಿಲ್ಲ. ಇನ್ನು ಸ್ವಲ್ಪ ಹೊತ್ತು, ಅಷ್ಟೇ, ಆಮೇಲೆ ಒಂದು ವರ್ಷ ಉಸಿರಾಡಬಹುದು.

ಮಗ ಕೂತ. ಅವನ ಹಿಂದೆ ಗೋಡೆ ಕಂಡಿತು.

ಅತ್ತ ಗಂಡನ ನಗು ಹಾಗೇ ನಿಂತುಬಿಟ್ಟಿತು. ಸಿಗ್ನಲ್ಲು ಕಚ್ಚಿಕೊಂಡಿತೆಂದು ಅವಳು, ಕೇಳಿಸ್ತಿದೆಯಾ ಎಂದು ಎರಡು ಸಲ ಕೇಳಿದಳು. ಅವನ ಕಣ್ಣುರೆಪ್ಪೆ ಬಡಿದದ್ದು ನೋಡಿ, ಸಿಗ್ನಲ್ಲಲ್ಲ ಎಂದು ಗೊತ್ತಾಯಿತು.

"ನೀನು ಸ್ವಲ್ಪ ಪಕ್ಕಕ್ಕೆ ಸರಿ," ಅಂದ ಅವನು. ಅವಳು ಸರಿದಳು. ಅವನು ಮುಖವನ್ನು ಫೋನಿಗೆ ಹತ್ತಿರ ತಂದ. "ಹೋದ ವರ್ಷ ನಕ್ಷತ್ರದ ಮೊಳೆಯಿಂದ ಕೆಳಗಿತ್ತು. ನನ್ನ ಹತ್ರ ಫೋಟೋ ಇದೆ, ದಿನಾ ನೋಡ್ತೀನಿ. ಈಗ ಮೊಳೆ ದಾಟಿ ಮೇಲೆ ಹೋಗಿದೆ."

ಅವಳು ತಿರುಗಿ ನೋಡಿದಳು. ಹೌದು, ಬಿರುಕು ನಕ್ಷತ್ರದ ಪಕ್ಕದಲ್ಲಿ ಹಾದು ಮೇಲಕ್ಕೆ ಹೋಗಿತ್ತು. ಸ್ಟೂಲು ಅದೇ, ಮೊಳೆ ಅದೇ. ಕೈ ಎಟುಕುವವರೆಗೆ ಎಂದು ಎಳೆದ ಮಗನ ಕೈ ಮಾತ್ರ ವರ್ಷದಲ್ಲಿ ಒಂದು ಗೇಣು ಬೆಳೆದಿತ್ತು. ಮಗ ಅವಳ ಮುಖ ನೋಡಿದ. ಬೇಕೆಂದು ಮಾಡಿದ್ದಲ್ಲಮ್ಮ ಎಂದು ಅವನ ಕಣ್ಣು ಹೇಳುತ್ತಿತ್ತು.

"ಬೆಳಕಿಗೆ ಹಾಗೆ ಕಾಣುತ್ತೆ ರೀ," ಅಂದಳು.

"ಬೆಳಕಲ್ಲ. ಗುಬ್ಬಿ ಎಲ್ಲಿ ಮಲಗ್ತಾಳೆ? ಆ ಗೋಡೆ ಕೆಳಗೇ ತಾನೇ? ಏಳಿ. ಮೂವರೂ ಎದ್ದು ಹೊರಗೆ ಹೋಗಿ, ಈಗಲೇ."

"ಏನೂ ಆಗಲ್ಲ, ನೀವೇ ಹೇಳಿದ್ರಲ್ಲ ನೂರು ವರ್ಷ..."

"ಸುಳ್ಳು ಹೇಳಿದ್ದೆ ಕಣೆ." ಹಿಂದಿನ ಗಂಡಸರು ಈಗ ಇತ್ತಲೇ ನೋಡುತ್ತಿದ್ದರು, ಅವನಿಗೆ ಅದರ ಪರಿವೆಯಿರಲಿಲ್ಲ. "ಬಡಗಿ ಹೇಳಿದ್ದು ಸರಿ. ನೀನು ಕೆಲಸಕ್ಕೆ ಹೋದಾಗ ನಾನು ಪಾಯ ಅಗೆದು ನೋಡಿದ್ದೆ. ಕೂತಿತ್ತು. ಟಿಕೆಟ್ ಬಂದುಬಿಟ್ಟಿತ್ತು, ಮಣ್ಣು ಮುಚ್ಚಿದೆ, ಮೇಲೆ ಗಾರೆ ಬಳಿದೆ. ನಾಲ್ಕು ವರ್ಷ ತಡೆಯುತ್ತೆ ಅಂದ್ಕೊಂಡೆ. ಇಲ್ಲಿಗೆ ಬಂದ ಮೇಲೆ ಒಂದು ರಾತ್ರಿ ನೆಟ್ಟಗೆ ನಿದ್ದೆ ಮಾಡಿಲ್ಲ. ಮಳೆ ಮಳೆ ಅಂತ ಕೇಳ್ತಿದ್ದದ್ದು ಯಾಕೆ ಅಂದ್ಕೊಂಡಿದ್ದೀಯ?"

ಯಾವ ಮಾತು ಅವನ ಕಿವಿಗೆ ಬೀಳಬಾರದೆಂದು ಒಂದೂವರೆ ವರ್ಷ ಮೈಯೆಲ್ಲ ಬಿಗಿಹಿಡಿದು ಕಾದಿದ್ದಳೋ, ಆ ಮಾತು ಅವನು ಹೊರಡುವಾಗಲೇ ಅವನ ಪೆಟ್ಟಿಗೆಯಲ್ಲಿ ಹೋಗಿತ್ತು. ಎತ್ತರದ ಹಲಗೆಯ ಮೇಲೆ ಅವನು ದಿನವೂ ಅದನ್ನೇ ಹೊತ್ತು ನಿಂತಿದ್ದ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು; ಗೊತ್ತಿದ್ದೂ ಮಕ್ಕಳನ್ನು ಆ ಗೋಡೆಯ ಕೆಳಗೆ ಮಲಗಿಸಿ ಹೋದನಲ್ಲ ಎಂದು ಹೊಟ್ಟೆ ಉರಿಯಿತು. ಆ ಉರಿ ಆರುವ ಮುಂಚೆಯೇ ಅವನ ಮುಖ ನೋಡಿ ಕರುಳು ಹಿಂಡಿತು.

ಗಂಡ ಎದ್ದು ನಿಂತಿದ್ದ. ನಾಳೆಯೇ ಹೊರಟು ಬರುತ್ತೇನೆ, ಬಿಡದಿದ್ದರೆ ಬೇಲಿ ಹಾರಿಯಾದರೂ ಬರುತ್ತೇನೆ ಎಂದು ಏನೇನೋ ಅನ್ನುತ್ತಿದ್ದ. ಒಬ್ಬ ಅವನ ಹೆಗಲು ಹಿಡಿದುಕೊಂಡಿದ್ದ. "ಹೊರಗೆ ಹೋಗ್ರೋ," ಎಂದು ಅವನು ಮಗನನ್ನು ಕೂಗುತ್ತಿದ್ದ, "ತಂಗಿನ ಎತ್ತಿಕೊಂಡು ಹೊರಗೆ ಹೋಗು." ಗುಬ್ಬಿ ಹೆದರಿ, ನಿಜವಾಗಿಯೂ ಗೋಡೆ ಬೀಳುತ್ತದೇನೋ ಎಂದು ಅಣ್ಣನಿಗೆ ಅಂಟಿಕೊಂಡಳು.

ಇನ್ನೊಂದು ಸುಳ್ಳು ಅವಳ ಬಾಯಿಗೆ ತಾನಾಗಿಯೇ ಬಂತು. ಆಯ್ತು ರೀ, ಇವತ್ತೇ ಮನೆ ಬಿಡ್ತೀವಿ, ನಾಳೆ ಬೇರೆ ಮನೆ ನೋಡ್ತೀವಿ. ಅಂದುಬಿಟ್ಟರೆ ಮುಗಿಯಿತು. ಅವನಿಗೂ ಸಮಾಧಾನ, ಈ ಕೋಣೆಗೂ ಒಂದು ಲೆಕ್ಕ ಸಿಗುತ್ತದೆ. ಆಮೇಲೆ ಮನೆ ಬಿಟ್ಟ ಕಥೆ ಕಟ್ಟಬೇಕು, ಬಿದ್ದ ಕಥೆ ಕಟ್ಟಬೇಕು, ಯಾವಾಗ ಬಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು, ಗುಬ್ಬಿಗೆ ಹೊಸ ಪಾಠ ಹೇಳಿಕೊಡಬೇಕು. ಅವಳು ಮಗನ ಕಡೆ ನೋಡಿದಳು. ಅವನು ಅವಳು ಏನು ಹೇಳುತ್ತಾಳೆಂದು ಕಾಯುತ್ತಿದ್ದ, ಇದ್ದಿಲು ಮೆತ್ತಿದ ಬೆರಳುಗಳನ್ನು ಹೊಸ ಅಂಗಿಗೆ ತಾಗದಂತೆ ದೂರ ಹಿಡಿದುಕೊಂಡು.

ಅವಳು ಎದ್ದಳು. ಒಲೆಯ ಹತ್ತಿರ ಹೋಗಿ, ಪಾತ್ರೆ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ ತಂದಳು. ಸ್ಟೂಲು ಎಳೆದುಕೊಂಡು ಹತ್ತಿದಳು. ಮೇಲಿನ ತುದಿಯಿಂದ ಶುರು ಮಾಡಿ, ನಕ್ಷತ್ರದ ಪಕ್ಕದಿಂದ ಇಳಿಸುತ್ತ, ಗಡಿಯಾರದ ಕೆಳಗೆ ತರುತ್ತ, ಬಿರುಕನ್ನು ಒರೆಸಿದಳು. ಎಣ್ಣೆಬಣ್ಣದ ಗೋಡೆ, ಸಲೀಸಾಗಿ ಹೋಯಿತು. ಕರಿನೀರು ಅವಳ ಮೊಣಕೈಗೆ ಇಳಿದು ಹೊಸ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಬೆನ್ನ ಹಿಂದೆ ಗಂಡನ ಕೂಗು ನಡುವೆಯೇ ನಿಂತದ್ದು ಅವಳಿಗೆ ಕೇಳಿಸಿತು.

ಅವಳು ಇಳಿದು ಫೋನಿನ ಮುಂದೆ ಕೂತಳು.

"ಇದು ಆ ಗೋಡೆ ಅಲ್ಲ ರೀ. ಅದು ಹೋದ ವರ್ಷದ ಮಳೆಗೆ ಬಿತ್ತು. ನಾನು ಅಂಗಡೀಲಿದ್ದೆ, ಮಕ್ಕಳು ಸ್ಕೂಲಲ್ಲಿದ್ರು. ಯಾರಿಗೂ ಒಂದು ಗೀರು ಕೂಡ ಆಗಿಲ್ಲ."

ಅವಳು ಸಕ್ಕರೆ ಡಬ್ಬಿಗೆ ಒರಗಿದ್ದ ಫೋನನ್ನು ಕೈಗೆತ್ತಿಕೊಂಡು ನಿಧಾನವಾಗಿ ತಿರುಗಿಸಿದಳು. ಮರದ ಬೋಳು ಬೆನ್ನು, ಅದಕ್ಕೆ ಬಿಗಿದ ದಾರ, ಪರದೆಯ ಹಿಂದಿನ ಕಿಟಕಿಯಿಲ್ಲದ ಗೋಡೆ, ಹಗ್ಗ, ಹಗ್ಗದ ಮೇಲಿನ ಒದ್ದೆ ಬಟ್ಟೆ, ಒಲೆ, ಬಕೆಟ್ಟು, ಮೂವರೂ ಮಲಗುವ ಮಂಚ. ಒಂದು ಸುತ್ತು ಬರಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಸುತ್ತಿ ಮತ್ತೆ ಆ ಹಸಿರು ಗೋಡೆಗೇ ಬಂದು, ಒದ್ದೆಯಾಗಿ ಮಿನುಗುತ್ತಿದ್ದ ಜಾಗದ ಮುಂದೆ ಹಿಡಿದಳು. "ಈ ಗೋಡೆ ಗಟ್ಟಿ ಇದೆ," ಅಂದಳು. "ಯಾರೋ ಚೆನ್ನಾಗಿ ಕಟ್ಟಿದ್ದಾರೆ."

ಅಷ್ಟರಲ್ಲಿ ಮಹಡಿಯ ಮೇಲೆ ಪಂಪು ಶುರುವಾಯಿತು. ಪಾತ್ರೆಗಳು ಗಿಲಗಿಲ ಅಂದವು. ಮಗನ ಕೈ ರೂಢಿಯಂತೆ ಫೋನಿನ ದನಿ ಮುಚ್ಚಲು ಮುಂದೆ ಬಂತು, ಅರ್ಧಕ್ಕೆ ನಿಂತು, ಹಿಂದೆ ಹೋಯಿತು. ಗುಬ್ಬಿ ಅಮ್ಮನ ತೋಳಿನ ಕೆಳಗಿಂದ ತೂರಿ ಬಂದು ಫೋನಿನೊಳಗೆ ಇಣುಕಿ, "ಅದು ಮಹಡಿ ಅಜ್ಜಿ ಪಂಪು, ಅಪ್ಪ," ಅಂದಳು.

ಫೋನು ಕಪ್ಪಾಯಿತು.

"ಕಟ್ ಆಯ್ತು," ಅಂದಳು ಗುಬ್ಬಿ.

"ಇಲ್ಲ," ಅಂದ ದೊಡ್ಡವನು.

ಕರೆ ನಡೆಯುತ್ತಲೇ ಇತ್ತು. ಅತ್ತಲಿಂದ ಉಸಿರಾಟದ ಸದ್ದು ಬರುತ್ತಿತ್ತು. ಕಪ್ಪು ಸ್ವಲ್ಪ ಅಲ್ಲಾಡಿ, ಅಂಚಿನಲ್ಲಿ ಬೆಳಕು ನುಸುಳಿದಾಗ ಅದೇನೆಂದು ಅವಳಿಗೆ ಕಂಡಿತು. ಅಂಗೈ. ಗೆರೆಗಳ ಸಂದಿನಲ್ಲಿ ಬೂದು ಸಿಮೆಂಟು ಕೂತ ಅಂಗೈ, ಬೆರಳು ಅಗಲಿಸಿ, ಫೋನಿಗೆ ಒತ್ತಿ ಹಿಡಿದದ್ದು.

ಅವಳು ಕೈ ಅಲುಗಿಸದೆ ಫೋನನ್ನು ಗೋಡೆಯ ಮುಂದೆ ಹಿಡಿದೇ ನಿಂತಳು.